ಮುಟುರು ಅಂದ್ರೆ ಒಂದೇ ರೋಗ ಅಲ್ಲ

ಮೆಣಸಿನ ಗಿಡದ ಎಲೆ ಮುದುಡಿದ್ರೆ ಸಾಕು, ‘ಮುಟುರು ಬಂತು’ ಅಂತೀವಿ. ಹೆಸರು ಸಿಕ್ಕ ಕೂಡಲೇ ಯೋಚನೆ ನಿಂತುಹೋಗುತ್ತೆ. ಅಂಗಡಿಗೆ ಹೋಗಿ ‘ಮುಟುರಿಗೆ ಔಷಧಿ ಕೊಡಿ’ ಅಂದ್ರೆ ಆಯ್ತು. ನನ್ನ ತಕರಾರು ಇರೋದು ಇಲ್ಲೇ. ಮುಟುರು ಅನ್ನೋದು ಕಣ್ಣಿಗೆ ಕಾಣುವ ಲಕ್ಷಣದ ಹೆಸರು. ನಾವು ಅದನ್ನ ಕಾರಣದ ಹೆಸರು ಅಂದುಕೊಂಡು ದುಡ್ಡು ಸುರೀತೀವಿ.

ಈ ಒಂದು ಹೆಸರಿನ ಕೆಳಗೆ ಕನಿಷ್ಠ ಮೂರು ಬೇರೆ ಬೇರೆ ಸಂಗತಿ ಇವೆ. ಥ್ರಿಪ್ಸ್ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮುದುಡಿ ದೋಣಿಯಂತಾಗುತ್ತದೆ. ಮೈಟ್ ಆದರೆ ಅಂಚು ಕೆಳಕ್ಕೆ ಬಾಗಿ ಬೋರಲು ಹಾಕಿದ ದೋಣಿಯಂತೆ ಕಾಣುತ್ತದೆ, ಎಲೆ ಕಿರಿದಾಗಿ ತೊಟ್ಟು ಉದ್ದವಾಗುತ್ತದೆ. ಮೂರನೆಯದು ಬಿಳಿ ನೊಣ ಹರಡುವ ವೈರಸ್. ಎಲೆ ಸಣ್ಣದಾಗಿ ಸುಕ್ಕುಗಟ್ಟಿ, ನರ ದಪ್ಪಗಾಗಿ, ಗಿಡವೇ ಗಿಡ್ಡ ಉಳಿಯುತ್ತದೆ. ಒಂದೇ ಗಿಡದಲ್ಲಿ ಎರಡು ಸೇರಿಕೊಂಡಿರೋದೂ ಉಂಟು. ಆಗ ಗುರುತಿಸೋದು ನಿಜಕ್ಕೂ ಕಷ್ಟ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಥ್ರಿಪ್ಸ್‌ಗೂ ನುಸಿ ಅಂತೀವಿ, ಮೈಟ್‌ಗೂ ನುಸಿ ಅಂತೀವಿ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಎಂಟು ಕಾಲಿನದು, ಜೇಡ, ಉಣ್ಣೆಗಳ ನೆಂಟ, ಕೀಟವೇ ಅಲ್ಲ. ಹಾಗಾಗಿ ಎಷ್ಟೋ ಕೀಟನಾಶಕಗಳು ಅದಕ್ಕೆ ನಾಟುವುದಿಲ್ಲ. ಪೈರಿಥ್ರಾಯ್ಡ್ ಗುಂಪಿನವನ್ನು ಹೊಡೆದರಂತೂ ಮೈಟನ್ನು ತಿಂದು ಬದುಕುವ ಜೀವಿಗಳು ಸತ್ತು ಮೈಟ್ ಇನ್ನೂ ಹೆಚ್ಚುತ್ತದೆ. ಆಗ ರೈತರು ಏನಂದುಕೊಳ್ತಾರೆ? ‘ಡೋಸ್ ಸಾಲಲಿಲ್ಲ, ಇನ್ನೊಂದು ಸಲ ಹೊಡೀಬೇಕು.’ ಲೆಕ್ಕ ಸರಿಯಾಗೇ ಹಾಕಿದ್ದಾರೆ, ಶುರು ಮಾಡಿದ ಜಾಗ ತಪ್ಪು.

ನಮ್ಮ ಸಾವಯವದವರೂ ಇದರಲ್ಲಿ ಕಮ್ಮಿ ಇಲ್ಲ. ರಾಸಾಯನಿಕ ಅಂದ್ರೆ ವಿಷ, ಗಿಡದಿಂದ ಬಂದದ್ದು ಅಮೃತ, ಅಷ್ಟೇ ಎರಡು ಗೂಡು. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಗಿಡದಿಂದಲೇ ಬಂದದ್ದು, ಸಿಂಪಡಿಸುವವರಿಗೂ ವಿಷವೇ.

ಮೈಟ್‌ಗೆ ನೀರಲ್ಲಿ ಬೆರೆಯುವ ಗಂಧಕ ಚೆನ್ನಾಗಿ ಕೆಲಸ ಮಾಡುತ್ತೆ, ಸಾವಯವದಲ್ಲೂ ಬಳಸಬಹುದು. ಉರಿಬಿಸಿಲಲ್ಲಿ ಮಾತ್ರ ಹೊಡೀಬೇಡಿ, ಎಲೆ ಸುಡುತ್ತೆ. ವೈರಸ್ ಬಂದ ಗಿಡವನ್ನು ವಾಸಿ ಮಾಡುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಸಸಿಮಡಿಗೆ ಬಲೆ ಕಟ್ಟಿ, ಹೊಲದ ಸುತ್ತ ಎರಡು ಮೂರು ಸಾಲು ಮೆಕ್ಕೆಜೋಳ ಹಾಕಿ, ರೋಗ ಬಂದ ಗಿಡ ಶುರುವಿನಲ್ಲೇ ಕಿತ್ತುಹಾಕಿ. ಇನ್ನು 2021ರಲ್ಲಿ ಮೆಣಸಿನ ಬೆಳೆಯನ್ನೇ ನುಂಗಿದ ಕಪ್ಪು ಥ್ರಿಪ್ಸ್ ಹೂವಿನೊಳಗೆ ಕೂರುತ್ತದೆ. ಎಲೆ ಮಾತ್ರ ನೋಡುವವರಿಗೆ ಅದು ತಡವಾಗಿ ಕಾಣುತ್ತದೆ.

ಮುಟುರು ಅನ್ನೋ ಮಾತನ್ನೇ ಬಿಡಿ ಅಂತ ನಾನು ಹೇಳ್ತಿಲ್ಲ. ಬದುವಿನ ಮೇಲೆ ನಿಂತು ‘ಗಿಡಕ್ಕೆ ಏನೋ ಆಗಿದೆ’ ಅನ್ನೋಕೆ ಅದು ಒಳ್ಳೇ ಮಾತು. ಅಲ್ಲಿಂದ ಮುಂದೆ ಹೊಲದೊಳಗೆ ಇಳೀಬೇಕು. ಹತ್ತು ಗಿಡದ ಚಿಗುರು, ಹೂವನ್ನ ಬಿಳಿ ಹಾಳೆ ಮೇಲೆ ತಟ್ಟಿ ನೋಡಿ. ಥ್ರಿಪ್ಸ್ ಓಡಾಡೋದು ಬರಿಗಣ್ಣಿಗೇ ಕಾಣುತ್ತೆ, ಮೈಟ್‌ಗೆ ಭೂತಗನ್ನಡಿ ಬೇಕು. ಮುದುಡಿದ್ದು ಮೇಲಕ್ಕಾ, ಕೆಳಕ್ಕಾ ಅಂತ ಒಂದು ಮಾತೂ ಕೇಳದೆ ಅಂಗಡಿಯವರು ಬಾಟಲಿ ತೆಗೆದರೆ, ದುಡ್ಡು ಜೇಬಲ್ಲೇ ಇಟ್ಟುಕೊಂಡು ವಾಪಸ್ ಬನ್ನಿ.