ಲೆಕ್ಕ ಸರಿ, ಗಳಿಗೆ ಅನುಮಾನ

‘ದಿ ಲೇಟ್ ಶೋ’ ಮುಂದಿನ ಮೇ ತಿಂಗಳಿಗೆ ಮುಗಿಯುತ್ತದೆ ಎಂದು ಸ್ಟೀಫನ್ ಕೋಲ್ಬೇರ್ ತಮ್ಮ ಪ್ರೇಕ್ಷಕರಿಗೆ ತಿಳಿಸಿದ್ದು 2025ರ ಜುಲೈ 17ರಂದು. ನ್ಯೂಯಾರ್ಕಿನ ಎಡ್ ಸುಲಿವನ್ ಥಿಯೇಟರಿನಲ್ಲಿ ಕುಳಿತಿದ್ದವರು ‘ಬೂ’ ಎಂದು ಕೂಗಿದರು. ತನ್ನ ಕುರ್ಚಿಗೆ ಇನ್ನೊಬ್ಬರು ಬರುತ್ತಿಲ್ಲ, ಕಾರ್ಯಕ್ರಮವನ್ನೇ ಮುಚ್ಚಲಾಗುತ್ತಿದೆ ಎಂದು ಕೋಲ್ಬೇರ್ ಬಿಡಿಸಿ ಹೇಳಬೇಕಾಯಿತು. 1993ರಲ್ಲಿ ಡೇವಿಡ್ ಲೆಟರ್‌ಮನ್ ಶುರು ಮಾಡಿದ, 2015ರಲ್ಲಿ ಕೋಲ್ಬೇರ್ ಕೈಗೆ ಬಂದ ಕಾರ್ಯಕ್ರಮವದು. ಸಿಬಿಎಸ್ ವಾಹಿನಿ ಕೊಟ್ಟ ಕಾರಣ ಒಂದೇ: ಹಣ. ಕಾರ್ಯಕ್ರಮದ ಗುಣಮಟ್ಟಕ್ಕೂ ಅದರಲ್ಲಿ ಆಡಿದ ಮಾತಿಗೂ ಈ ತೀರ್ಮಾನಕ್ಕೂ ಸಂಬಂಧವಿಲ್ಲ ಎಂದು ವಾಹಿನಿ ಒತ್ತಿ ಹೇಳಿತು.

ಅಷ್ಟು ಒತ್ತಿ ಹೇಳಬೇಕಾಗಿ ಬಂದದ್ದೇಕೆ ಎಂಬುದು ಆ ತಿಂಗಳ ಕ್ಯಾಲೆಂಡರ್ ನೋಡಿದರೆ ತಿಳಿಯುತ್ತದೆ. ಸಿಬಿಎಸ್‌ನ ‘60 ಮಿನಿಟ್ಸ್’ ಕಾರ್ಯಕ್ರಮ ಕಮಲಾ ಹ್ಯಾರಿಸ್ ಸಂದರ್ಶನವನ್ನು ತಿರುಚಿ ಕತ್ತರಿಸಿದೆ ಎಂದು ಡೊನಾಲ್ಡ್ ಟ್ರಂಪ್ ಮೊಕದ್ದಮೆ ಹೂಡಿದ್ದರು. ವಾಹಿನಿಯ ಒಡೆಯ ಸಂಸ್ಥೆ ಪ್ಯಾರಮೌಂಟ್ ಜುಲೈ ಆರಂಭದಲ್ಲಿ 1.6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ಹೊತ್ತಿಗೆ ಸ್ಕೈಡ್ಯಾನ್ಸ್ ಕಂಪನಿಯ ಜೊತೆಗಿನ 800 ಕೋಟಿ ಡಾಲರ್‌ಗಳ ವಿಲೀನಕ್ಕೆ ಸಂವಹನ ನಿಯಂತ್ರಣ ಆಯೋಗ ಎಫ್‌ಸಿಸಿಯ ಒಪ್ಪಿಗೆ ಬಾಕಿ ಇತ್ತು. ಜುಲೈ 14ರಂದು ಕೋಲ್ಬೇರ್ ತಮ್ಮ ಒಡೆಯರ ಈ ರಾಜಿಯನ್ನು ಭಾರಿ ಲಂಚವೆಂದು ವೇದಿಕೆಯ ಮೇಲೆಯೇ ಕರೆದರು. ಮೂರು ದಿನಕ್ಕೆ ಕಾರ್ಯಕ್ರಮ ಮುಗಿಯುವ ಸುದ್ದಿ ಬಂತು. ಅದಾಗಿ ಒಂದು ವಾರಕ್ಕೆ, ಜುಲೈ 24ರಂದು, ವಿಲೀನಕ್ಕೆ ಒಪ್ಪಿಗೆಯೂ ಸಿಕ್ಕಿತು.

ಅಂದಿನಿಂದ ಅಮೆರಿಕದಲ್ಲಿ ಒಂದೇ ಜಗಳ: ಇದು ದುಡ್ಡಿನ ವಿಷಯವೋ, ರಾಜಕೀಯವೋ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಎಂದು ಪಟ್ಟು ಹಿಡಿದವರು ಅಸಲು ವಿಷಯವನ್ನೇ ಕೈಬಿಡುತ್ತಿದ್ದಾರೆ. ನಷ್ಟ ನಿಜ. ನಿಜವಾದ ಕಾರಣಕ್ಕೇ ಅದು ಅಷ್ಟು ಚೆನ್ನಾಗಿ ನೆಪವಾಗಿ ಒದಗಿತು.

ಮೊದಲು ನಷ್ಟ. ಕಾರ್ಯಕ್ರಮ ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ಕಳೆದುಕೊಳ್ಳುತ್ತಿತ್ತು ಎಂದು ವರದಿಯಾಯಿತು. ಅಂಕಿಯ ಬಗ್ಗೆ ತಕರಾರಿರಬಹುದು, ದಿಕ್ಕಿನ ಬಗ್ಗೆ ಇಲ್ಲ. ತಡರಾತ್ರಿಯ ಹಾಸ್ಯ ಕಾರ್ಯಕ್ರಮಗಳಿಗೆ 2018ರಲ್ಲಿ ಬರುತ್ತಿದ್ದ ಜಾಹೀರಾತು ಹಣ ಸುಮಾರು 44 ಕೋಟಿ ಡಾಲರ್. 2024ರ ಹೊತ್ತಿಗೆ ಅದು 22 ಕೋಟಿಗೆ ಇಳಿದಿತ್ತು ಎಂದು ಜಾಹೀರಾತು ವೆಚ್ಚದ ಲೆಕ್ಕ ಇಡುವ ಗೈಡ್‌ಲೈನ್ ಸಂಸ್ಥೆ ಹೇಳುತ್ತದೆ. 1992ರ ಮೇ ತಿಂಗಳಲ್ಲಿ ಜಾನಿ ಕಾರ್ಸನ್ ‘ಟುನೈಟ್ ಶೋ’ದಿಂದ ವಿದಾಯ ಹೇಳಿದ ರಾತ್ರಿ ಸುಮಾರು 5 ಕೋಟಿ ಜನ ಟಿವಿ ಮುಂದಿದ್ದರು. ಕೋಲ್ಬೇರ್ ರಾತ್ರಿ 11.35ರ ವೇಳೆಯಲ್ಲಿ ಮೊದಲ ಸ್ಥಾನದಲ್ಲಿದ್ದೂ 2025ರ ಮಧ್ಯಭಾಗದಲ್ಲಿ ಅವರಿಗಿದ್ದ ಸರಾಸರಿ ವೀಕ್ಷಕರು 24 ಲಕ್ಷ. ಒಂದು ದೊಡ್ಡ ಥಿಯೇಟರು, ಲೈವ್ ವಾದ್ಯವೃಂದ, ಬರಹಗಾರರ ತಂಡ, ಒಟ್ಟು 200 ಜನರ ಸಂಬಳ ಎಲ್ಲವೂ ಕಾರ್ಸನ್ ಕಾಲದ ಅಳತೆಯಲ್ಲೇ ಉಳಿದಿದ್ದವು.

ಜನ ನಗುವುದನ್ನು ಬಿಟ್ಟಿಲ್ಲ, ರಾತ್ರಿ 11.35ಕ್ಕೆ ಟಿವಿ ಹಾಕುವುದನ್ನು ಬಿಟ್ಟಿದ್ದಾರೆ. ಆರಂಭದ ಹತ್ತು ನಿಮಿಷದ ಹಾಸ್ಯಭಾಷಣವನ್ನು ಮರುದಿನ ಯೂಟ್ಯೂಬ್‌ನಲ್ಲಿ ಲಕ್ಷಗಟ್ಟಲೆ ಮಂದಿ ನೋಡುತ್ತಾರೆ. ಆಮೇಲೆ ಬರುವ ಸಿನಿಮಾ ನಟರ ಪ್ರಚಾರದ ಹರಟೆಯನ್ನು ಯಾರೂ ಅಷ್ಟಾಗಿ ಹುಡುಕುವುದಿಲ್ಲ. ನ್ಯೂಯಾರ್ಕಿನಲ್ಲಿ ಇಂಥ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳಗ್ಗೆ ಒಂಬತ್ತು ದಾಟಿರುತ್ತದೆ. ಇಲ್ಲಿ ಮೆಟ್ರೋದಲ್ಲಿ ನಿಂತು ಮೊಬೈಲಿನಲ್ಲಿ ಅದನ್ನು ನೋಡಿ ನಗುವವರು ನೀಲ್ಸನ್‌ನ ಟಿಆರ್‌ಪಿ ಲೆಕ್ಕಕ್ಕೆ ಎಂದೂ ಬರುವವರಲ್ಲ. (2020ರ ಫೆಬ್ರುವರಿಯಲ್ಲಿ ಅಮೆರಿಕದ ಇನ್ನೊಬ್ಬ ಹಾಸ್ಯ ನಿರೂಪಕ ಜಾನ್ ಆಲಿವರ್ ಪ್ರಧಾನಿ ಮೋದಿಯವರ ಬಗ್ಗೆ ಮಾಡಿದ ಕಂತು ಹಾಟ್‌ಸ್ಟಾರ್‌ನಲ್ಲಿ ಕಾಣಿಸಲೇ ಇಲ್ಲ, ನಮ್ಮ ಜನ ಆಗಲೂ ಯೂಟ್ಯೂಬ್‌ಗೇ ಹೋದರು.) ನೋಟ ಹೆಚ್ಚಿತು, ಗಲ್ಲಾಪೆಟ್ಟಿಗೆ ಬರಿದಾಯಿತು. ಯೂಟ್ಯೂಬ್ ಕೊಡುವ ಹಣ ಟಿವಿ ಜಾಹೀರಾತಿನ ಹಳೆಯ ದರಕ್ಕೆ ಹತ್ತಿರವೂ ಬರುವುದಿಲ್ಲ.

ಇನ್ನೊಂದು ವಾದವಿದೆ. ಕೋಲ್ಬೇರ್ ದಿನವೂ ಟ್ರಂಪ್‌ರನ್ನೇ ಜರೆದು ಅರ್ಧ ದೇಶವನ್ನು ಕಳೆದುಕೊಂಡರು, ಎಲ್ಲರನ್ನೂ ನಗಿಸಿದ್ದರೆ ಉಳಿಯುತ್ತಿದ್ದರು ಎಂಬುದು. ಹಳೆಯ ನಿರೂಪಕ ಜೇ ಲೆನೊ ಕೂಡ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ಮಾತಾಡಿದರು. ಕೇಳಲು ಸರಿ ಎನಿಸುತ್ತದೆ, ಆದರೆ ಅಂಕಿಗಳು ಒಪ್ಪುವುದಿಲ್ಲ. ಆರಂಭದಲ್ಲಿ ತಡವರಿಸುತ್ತಿದ್ದ ಕೋಲ್ಬೇರ್ ಮೊದಲ ಸ್ಥಾನಕ್ಕೇರಿದ್ದೇ 2017ರಲ್ಲಿ, ಟ್ರಂಪ್ ಅಧಿಕಾರಕ್ಕೆ ಬಂದ ಮೇಲೆ, ಅದೇ ಲೇವಡಿಯ ಬಲದಿಂದ. 2016ರ ಸೆಪ್ಟೆಂಬರಿನಲ್ಲಿ ಟ್ರಂಪ್‌ರ ತಲೆಗೂದಲು ಕೆದರಿ ಪ್ರೀತಿಯಿಂದ ನಗಿಸಿದ ‘ಟುನೈಟ್ ಶೋ’ದ ಜಿಮ್ಮಿ ಫ್ಯಾಲನ್ ಯಾರ ಮನಸ್ಸನ್ನೂ ನೋಯಿಸದ ಮೃದು ಹಾಸ್ಯಗಾರ. 2025ರಲ್ಲಿ ಅವರ ವೀಕ್ಷಕರು ಸುಮಾರು 12 ಲಕ್ಷ, ಕೋಲ್ಬೇರ್‌ರ ಅರ್ಧ. ಅತ್ತ ಫಾಕ್ಸ್ ನ್ಯೂಸ್‌ನಲ್ಲಿ ಟ್ರಂಪ್ ಪರವಾಗಿ ನಿಂತು ವಿರೋಧಿಗಳನ್ನು ಗೇಲಿ ಮಾಡುವ ಗ್ರೆಗ್ ಗಟ್‌ಫೆಲ್ಡ್‌ಗೆ ಸುಮಾರು 30 ಲಕ್ಷ ವೀಕ್ಷಕರು. ಅವರ ಕಾರ್ಯಕ್ರಮ ಬೇಗ, ರಾತ್ರಿ ಹತ್ತಕ್ಕೇ ಬರುತ್ತದೆ ಎಂಬುದನ್ನೂ ಗಮನಿಸಬೇಕು. ಆದರೂ ಪಕ್ಷ ವಹಿಸಿ ನಗಿಸಿದರೆ ನೋಡುಗರು ಓಡಿಹೋಗುತ್ತಾರೆ ಎನ್ನಲು ಇಲ್ಲಿ ಆಧಾರವಿಲ್ಲ.

ಹಾಗಾದರೆ ಟಿಆರ್‌ಪಿಗೂ ವಿಡಂಬನೆಗೂ ಇರುವ ನಂಟು ಯಾವುದು? ಅಂಕಿ ಹಾಸ್ಯಗಾರನ ಗುರಾಣಿ. ಲಾಭ ತರುವವನ ನಾಲಗೆ ಎಷ್ಟೇ ಹರಿತವಿದ್ದರೂ ಒಡೆಯ ಸಹಿಸಿಕೊಳ್ಳುತ್ತಾನೆ. ಲಾಭ ನಿಂತ ದಿನ ಅದೇ ನಾಲಗೆ ದುಬಾರಿ ಎನಿಸುತ್ತದೆ. ಅಧಿಕಾರದಲ್ಲಿ ಕೂತವರು ಯಾರ ಬಾಯಿಯನ್ನೂ ಕಟ್ಟಬೇಕಾಗಿಲ್ಲ. ವಿಲೀನದ ಕಡತವೊಂದು ತಮ್ಮ ಮೇಜಿನ ಮೇಲಿದ್ದರೆ ಸಾಕು, ಉಳಿದ ಕೆಲಸವನ್ನು ಕಂಪನಿಯ ಲೆಕ್ಕಿಗರೇ ಮಾಡಿ ಮುಗಿಸುತ್ತಾರೆ.

ಇದೇ ಸಿಬಿಎಸ್ ಹಿಂದೆಯೂ ಹೀಗೆ ಮಾಡಿತ್ತು. 1967ರಲ್ಲಿ ಶುರುವಾದ ಸ್ಮದರ್ಸ್ ಸಹೋದರರ ಹಾಸ್ಯ ಕಾರ್ಯಕ್ರಮ ವಿಯೆಟ್ನಾಂ ಯುದ್ಧವನ್ನು ಗೇಲಿ ಮಾಡುತ್ತಿತ್ತು, ಹಾಡುಗಾರ ಪೀಟ್ ಸೀಗರ್‌ರಂಥ ಕಪ್ಪುಪಟ್ಟಿಯವರನ್ನು ಕರೆಸುತ್ತಿತ್ತು, ವಾಹಿನಿಯ ಸೆನ್ಸಾರ್ ಮಂದಿಯ ಜೊತೆ ವಾರವಾರವೂ ಗುದ್ದಾಡುತ್ತಿತ್ತು. 1969ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿದಾಗ ಸಿಬಿಎಸ್ ರಾಜಕೀಯದ ಮಾತೆತ್ತಲಿಲ್ಲ. ಮುಂಚಿತ ಪರಿಶೀಲನೆಗೆ ಟೇಪನ್ನು ಹೊತ್ತಿಗೆ ಸರಿಯಾಗಿ ಕೊಡಲಿಲ್ಲ, ಕರಾರು ಮುರಿದಿದ್ದಾರೆ ಎಂದಿತು. ಸಹೋದರರು ಕೋರ್ಟಿಗೆ ಹೋದರು, 1973ರಲ್ಲಿ ಗೆದ್ದರು. ಕಾರ್ಯಕ್ರಮ ಮಾತ್ರ ಮರಳಿ ಬರಲಿಲ್ಲ. ಆ ಜಾಗದಲ್ಲಿ ಆಗಲೇ ‘ಹೀ ಹಾ’ ಎಂಬ ಹಳ್ಳಿಗಾಡಿನ ಹಾಡು–ಹಾಸ್ಯದ ಕಾರ್ಯಕ್ರಮ ಬಂದು ಕೂತಿತ್ತು. ಅಂದು ತಡವಾದ ಟೇಪು, ಇಂದು ಖಾತೆ ಪುಸ್ತಕ. ಟೇಪಿನ ನೆಪವನ್ನು ನ್ಯಾಯಾಲಯದಲ್ಲಿ ಕೆಡವಬಹುದಿತ್ತು. ನಷ್ಟದ ಲೆಕ್ಕವನ್ನು ಯಾವ ನ್ಯಾಯಾಧೀಶರ ಮುಂದೆ ಸುಳ್ಳೆನ್ನುವುದು?

ಗುರಾಣಿ ಇದ್ದರೆ ಏನಾಗುತ್ತದೆ ಎಂಬುದು ಎರಡೇ ತಿಂಗಳಲ್ಲಿ ಕಾಣಿಸಿತು. ಕೋಲ್ಬೇರ್ ಸುದ್ದಿಗೆ ಖುಷಿಪಟ್ಟ ಟ್ರಂಪ್, ಮುಂದಿನ ಸರದಿ ಎಬಿಸಿ ವಾಹಿನಿಯ ನಿರೂಪಕ ಜಿಮ್ಮಿ ಕಿಮ್ಮೆಲ್‌ರದಂತೆ ಎಂದು ಬರೆದಿದ್ದರು. ಟ್ರಂಪ್ ಬೆಂಬಲಿಗ ಚಾರ್ಲಿ ಕರ್ಕ್ ಹತ್ಯೆಯ ನಂತರ ಕಿಮ್ಮೆಲ್ ಆಡಿದ ಮಾತನ್ನು ಹಿಡಿದು ಎಫ್‌ಸಿಸಿ ಅಧ್ಯಕ್ಷ ಬ್ರೆಂಡನ್ ಕಾರ್ ಪಾಡ್‌ಕಾಸ್ಟ್ ಒಂದರಲ್ಲಿ ಬಹಿರಂಗವಾಗಿಯೇ ಬೆದರಿಸಿದರು. ಸೆಪ್ಟೆಂಬರ್ 17ರಂದು ಎಬಿಸಿ ಕಾರ್ಯಕ್ರಮವನ್ನು ನಿಲ್ಲಿಸಿತು. ಸ್ಥಳೀಯ ಕೇಂದ್ರಗಳ ದೊಡ್ಡ ಒಡೆಯ ನೆಕ್ಸ್‌ಸ್ಟಾರ್ ಅದಕ್ಕೂ ಮೊದಲೇ ಕೈ ಎತ್ತಿತ್ತು. ಅದರದೂ ಒಂದು ವಿಲೀನದ ಅರ್ಜಿ ಇದೇ ಆಯೋಗದ ಮುಂದೆ ಹೋಗಬೇಕಿತ್ತು. ಆದರೆ ಈ ಬಾರಿ ಯಾರೂ ನಷ್ಟದ ಮಾತನ್ನು ಮುಂದೆ ಮಾಡಿರಲಿಲ್ಲ. ಕೆಲಸ ನೆಪವಿಲ್ಲದೆ ಬತ್ತಲಾಗಿ ಕಂಡಿತು. ಜನ ಎಬಿಸಿಯ ಒಡೆಯ ಡಿಸ್ನಿಯ ಚಂದಾ ರದ್ದು ಮಾಡತೊಡಗಿದರು, ಕಲಾವಿದರು ದನಿ ಎತ್ತಿದರು, ವಾರ ತುಂಬುವ ಮೊದಲೇ ಕಿಮ್ಮೆಲ್ ಮರಳಿದರು. ದೇಶದ ಸುಮಾರು ಕಾಲು ಭಾಗದ ಮನೆಗಳಿಗೆ ಪ್ರಸಾರ ತಲುಪದಿದ್ದರೂ ಆ ರಾತ್ರಿ 62 ಲಕ್ಷ ಜನ ನೋಡಿದರು.

ಆದರೆ ಗುರಾಣಿ ಎಲ್ಲ ಕಡೆಯೂ ಕಾಯುವುದಿಲ್ಲ. ಈಜಿಪ್ಟಿನ ಬಾಸೆಮ್ ಯೂಸುಫ್ ಹೃದಯ ಶಸ್ತ್ರಚಿಕಿತ್ಸಕ. 2011ರಲ್ಲಿ ಯೂಟ್ಯೂಬ್‌ನಲ್ಲಿ ಶುರು ಮಾಡಿ ಇಡೀ ಅರಬ್ ಜಗತ್ತನ್ನು ನಗಿಸಿದವರು. ಅಧ್ಯಕ್ಷ ಮೊರ್ಸಿಯವರ ಸರ್ಕಾರ ಅವರನ್ನು ವಿಚಾರಣೆಗೆ ಕರೆಸಿತು, ಸೇನೆ ಬಂದ ಮೇಲೆ ಒಂದು ವಾಹಿನಿ ಕೈಬಿಟ್ಟಿತು, ಇನ್ನೊಂದಕ್ಕೆ ಹೋದರು, 2014ರ ಜೂನ್‌ನಲ್ಲಿ ಅವರೇ ಕಾರ್ಯಕ್ರಮ ಮುಗಿಸಿದರು. ವೀಕ್ಷಕರಿಗೆ ಅಲ್ಲಿ ಬರವೇ ಇರಲಿಲ್ಲ. ಅಮೆರಿಕ ಇನ್ನೂ ಈಜಿಪ್ಟ್ ಆಗಿಲ್ಲ. ಅಲ್ಲಿ ಚಂದಾ ರದ್ದು ಮಾಡುವವರ ಸಿಟ್ಟಿಗೆ ಇನ್ನೂ ಬೆಲೆ ಇದೆ.

ಅಂದಹಾಗೆ, ಕೋಲ್ಬೇರ್ ಕಾರ್ಯಕ್ರಮದ ಬೆನ್ನಿಗೇ ಬರುವ ವೇಳೆಯನ್ನು ಸಿಬಿಎಸ್ ಏನು ಮಾಡಿತು ಎಂಬುದನ್ನೂ ನೋಡಬೇಕು. ರಾತ್ರಿ 12.37ರ ಆ ಜಾಗಕ್ಕೆ ಸ್ವತಃ ಕಾರ್ಯಕ್ರಮ ತಯಾರಿಸುವ ಗೋಜಿಗೆ ವಾಹಿನಿ ಹೋಗಲಿಲ್ಲ. 2025ರ ಸೆಪ್ಟೆಂಬರಿನಿಂದ ಉದ್ಯಮಿ ಬೈರನ್ ಅಲನ್ ಆ ವೇಳೆಯನ್ನು ಬಾಡಿಗೆಗೆ ಹಿಡಿದು ತಮ್ಮ ‘ಕಾಮಿಕ್ಸ್ ಅನ್‌ಲೀಶ್ಡ್’ ಹಾಕತೊಡಗಿದರು. ಖರ್ಚು ಅವರದು, ಬಾಡಿಗೆ ವಾಹಿನಿಗೆ. ನಾಲ್ಕಾರು ಹಾಸ್ಯಗಾರರು ಕುಳಿತು ಹೆಂಡತಿ, ಮಕ್ಕಳು, ವಿಮಾನ ಪ್ರಯಾಣ ಎಂದು ಜೋಕು ಹೊಡೆಯುವ ಕಾರ್ಯಕ್ರಮವದು. ರಾಜಕೀಯ ಬೇಡ, ಆ ದಿನದ ಸುದ್ದಿಯೂ ಬೇಡ ಎಂಬುದು ಅಲ್ಲಿನ ಕಟ್ಟಳೆ. ಹಾಗಿದ್ದರೆ ಯಾವ ಕಂತನ್ನು ಯಾವ ವರ್ಷ ಬೇಕಾದರೂ ಮತ್ತೆ ಹಾಕಬಹುದು.