ಕಣದ ಗಾತ್ರ: ‘ಯಾಕೆ’ ಎಂದು ಕೇಳೋಣ

ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಅದರ ಬೆಂಗಳೂರು ಆವರಣದಲ್ಲೂ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಗಾಜಿನ ಸ್ವಭಾವವನ್ನು ಕಂಪ್ಯೂಟರ್ ಸಿಮ್ಯುಲೇಶನ್ ಮೂಲಕ ಅಧ್ಯಯನ ಮಾಡಿದವರಿದ್ದಾರೆ. ಅವರ ಮೊದಲ ಪ್ರಶ್ನೆಗಳಲ್ಲಿ ಒಂದು ತೀರಾ ಸರಳ: ಕಣಗಳ ಗಾತ್ರ ಎಷ್ಟಿರಬೇಕು?

ಒಂದೇ ಅಳತೆಯ ಗೋಲಿಗಳನ್ನು ತಟ್ಟೆಯಲ್ಲಿ ಹಾಕಿ ಅಲುಗಾಡಿಸಿ. ಒಂದರ ಸುತ್ತ ಆರು ನಿಂತು ಸಾಲುಗಟ್ಟುತ್ತವೆ. ಅದು ಹರಳಿನ ಜೋಡಣೆ, ಗಾಜಿನದಲ್ಲ. ಗಾಜಿನಲ್ಲಿ ಕಣಗಳು ದ್ರವದಲ್ಲಿದ್ದಂತೆ ಕ್ರಮವಿಲ್ಲದೆಯೇ ಸಿಕ್ಕಿಕೊಂಡಿರುತ್ತವೆ. ಅದಕ್ಕಾಗಿ ಎರಡು ಗಾತ್ರ ಬೆರೆಸುತ್ತಾರೆ. ಅರ್ಧ ಸಣ್ಣವು, ಅರ್ಧ ಅದರ 1.4 ಪಟ್ಟು ದೊಡ್ಡವು ಎಂಬುದು ರೂಢಿಯ ಲೆಕ್ಕ. ವ್ಯತ್ಯಾಸ ತೀರಾ ಕಡಿಮೆಯಾದರೆ ಮತ್ತೆ ಹರಳಾಗುತ್ತದೆ. ತೀರಾ ಹೆಚ್ಚಾದರೆ ಸಣ್ಣವು ದೊಡ್ಡವುಗಳ ಸಂದಿಯಲ್ಲಿ ನುಸುಳುತ್ತವೆ.

1995ರಲ್ಲಿ ಕಾಬ್ ಮತ್ತು ಆಂಡರ್ಸನ್ ಬೇರೊಂದು ಮಿಶ್ರಣ ಕೊಟ್ಟರು: ಶೇ 80 ದೊಡ್ಡ ಕಣ, ಶೇ 20 ಸಣ್ಣ ಕಣ. ಸಣ್ಣದರ ವ್ಯಾಸ ದೊಡ್ಡದರ 0.88ರಷ್ಟು. ನಿಕ್ಕಲ್-ರಂಜಕ ಮಿಶ್ರಲೋಹ ಅದಕ್ಕೆ ಮಾದರಿ. ಜಗತ್ತಿನಾದ್ಯಂತ ಅದನ್ನೇ ಬಳಸಿದರು. 2019ರಲ್ಲಿ, ಬಹಳ ದೀರ್ಘಕಾಲ ಓಡಿಸಿ ನೋಡಿದಾಗ, ಅದೂ ಹರಳಾಗುತ್ತದೆಂದು ಪ್ರಕಟವಾಯಿತು. ಹೆಸರಾಂತ ಸಂಖ್ಯೆಯನ್ನೂ ಮತ್ತೆ ಪರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮೊಳಕಾಲ್ಮೂರಿನ ನೇಕಾರರು ಎಳೆಯ ದಪ್ಪವನ್ನು ಮಗ್ಗಕ್ಕೆ ಹಾಕುವ ಮೊದಲೇ ತೀರ್ಮಾನಿಸುತ್ತಾರೆ. ನೇಯ್ದ ಮೇಲೆ ಬದಲಿಸಲಾಗದು. ಸಿಮ್ಯುಲೇಶನ್ನೂ ಹಾಗೆಯೇ: ಆರಂಭದಲ್ಲಿ ಆರಿಸಿದ ಗಾತ್ರವೇ ಕೊನೆಯ ಉತ್ತರವನ್ನು ಅರ್ಧ ಬರೆದಿರುತ್ತದೆ. ಕಂಪ್ಯೂಟರ್ ಕೊಟ್ಟಿತೆಂಬ ಮಾತ್ರಕ್ಕೆ ಅದು ಪ್ರಕೃತಿಯ ಉತ್ತರವಾಗುವುದಿಲ್ಲ.

ನಾವು ಪ್ರಾಯೋಗಿಕ ಪುಸ್ತಕದಲ್ಲಿ ಮಾಡುವುದೇನು? ಹಿಂದಿನ ವರ್ಷದ ದಾಖಲೆಯಿಂದ ಅಂಕಿ ಇಳಿಸಿಕೊಳ್ಳುತ್ತೇವೆ. ಅಂಕ ಬರುತ್ತದೆ, ಕಾರಣ ಬರುವುದಿಲ್ಲ. ಮುಂದೆ ಇಂಜಿನಿಯರಿಂಗ್‌ಗೋ ಬಿ.ಎಸ್ಸಿ.ಗೋ ಹೋದಾಗ ಯಾರಾದರೂ ‘ಈ ಸಂಖ್ಯೆ ಯಾಕೆ?’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಊರು ಸಣ್ಣದು, ಸೌಲಭ್ಯವಿಲ್ಲ ಎಂಬ ನೆಪ ಇಲ್ಲಿ ಸಲ್ಲದು. ಪೈಥಾನ್ ಉಚಿತ. ಲ್ಯಾಬಿನ ಹಳೆಯ ಕಂಪ್ಯೂಟರ್‌ನಲ್ಲೂ ನೂರಿನ್ನೂರು ವೃತ್ತಗಳನ್ನು ಓಡಿಸಬಹುದು.

ನನ್ನ ಸಲಹೆ ಇಷ್ಟೇ. ಮುಂದಿನ ವಿಜ್ಞಾನ ಪ್ರದರ್ಶನದಲ್ಲಿ ಒಂದು ತಂಡ ಗಾತ್ರದ ಅನುಪಾತವನ್ನು 1.0ರಿಂದ 1.4ರವರೆಗೆ ಬದಲಿಸುತ್ತಾ ಸಾಲು ಎಲ್ಲಿ ಮುರಿಯುತ್ತದೆಂದು ತೋರಿಸಲಿ. ಪ್ರತಿ ಪ್ರಾಜೆಕ್ಟಿನಲ್ಲೂ ಆರಿಸಿದ ಸಂಖ್ಯೆಯ ಪಕ್ಕ ಅದರ ಕಾರಣಕ್ಕೊಂದು ಸಾಲು ಇರಲಿ. ಉಪನ್ಯಾಸಕರು ಆ ಸಾಲಿಗೂ ಅಂಕ ಕೊಡಲಿ.