ಮಾಸ್ತರರೂ ದುಡಿಯುವವರೇ

ದೇಗಾಂವದ ಕಮಲನಾರಾಯಣ ಗುಡಿಯನ್ನು ಕಟ್ಟಿಸಿದವಳು ಗೋವೆಯ ಕದಂಬರ ರಾಣಿ ಕಮಲಾದೇವಿಯೆಂದು ಮಕ್ಕಳಿಗೆ ಕಲಿಸುವವರು ಮಾಸ್ತರರು. ಅವರು ದುಡಿಯುವವರಲ್ಲವೇ? ಅಲ್ಲವೆಂದಿತು ಕಾಯದೆ. ಅದೇ ಗೋವೆಯ ಖಾಸಗಿ ಶಾಲೆಯೊಂದು ಶಿಕ್ಷಕಿಯೊಬ್ಬರನ್ನು ಕೆಲಸದಿಂದ ತೆಗೆದ ಮೊಕದ್ದಮೆಯಲ್ಲಿ, 1947ರ ಕೈಗಾರಿಕಾ ವಿವಾದ ಕಾಯದೆಯಂತೆ ಶಿಕ್ಷಕರು ಕಾಮಗಾರರಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲಿ ತೀರ್ಪು ಕೊಟ್ಟಿತು. ಶಾಲೆ ಉದ್ಯಮವಂತೆ, ಕಲಿಸುವವರು ಮಾತ್ರ ಕಾಮಗಾರರಲ್ಲವಂತೆ!

1972ರ ಕಾಯದೆಯಿಂದ ಗಿರಣಿ ಕಾಮಗಾರನಿಗೆ ಗ್ರಾಚ್ಯುಟಿಯ ಹಕ್ಕು ಬಂದಿತು. ಅದನ್ನೇ ಕೇಳಿದ ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆದರೆ 2009ರಲ್ಲಿ ಪಾರ್ಲಿಮೆಂಟು ಕಾಯದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರಿಗೂ ಆ ಹಕ್ಕು ಕೊಟ್ಟಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು; 2022ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಒಬ್ಬಂಟಿ ಮಾಸ್ತರ ಹಕ್ಕು ಕೇಳಿದರೆ 'ನಾಳೆಯಿಂದ ಬರಬೇಡ' ಎಂಬ ಉತ್ತರ ಬಂದೀತು. ಸಂಘ ಕೇಳಿ ಸೋತರೂ ಕಾಯದೆ ಬದಲಾಯಿತು. ಗಿರಣಿಯ ಬಂಧುಗಳಿಗೆ ಈ ಪಾಠ ಹೊಸದಲ್ಲ.

ಕಾಮಗಾರರೇ, ವ್ಯಾಪಾರಿ ಮಿತ್ರರೇ, ಫೀ ಕಟ್ಟುವವರು ನೀವು. ನಿಮ್ಮ ಮಕ್ಕಳ ಮಾಸ್ತರರಿಗೆ ಗ್ರಾಚ್ಯುಟಿ ಸಲ್ಲುತ್ತಿದೆಯೇ ಎಂದು ಶಾಲೆಯ ಆಡಳಿತ ಮಂಡಳಿಯನ್ನು ಕೇಳಿರಿ. ಅವರು ಸಂಘ ಕಟ್ಟಿದ ದಿನ ಬೆನ್ನಿಗೆ ನಿಲ್ಲಿರಿ.